ನನ್ನನ್ನು ಹೊರಗೆ ಕೂಡಿಸಿದ ನಿಯಮ

ನನ್ನ ದನಿ ನನಗಿಂತ ಹೆಚ್ಚು ಊರು ತಿರುಗಿದೆ. ಕುರುಗೋಡಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ ನಿವೃತ್ತಳಾದವಳು ನಾನು. ಬಳ್ಳಾರಿ ದಾಟಿ ಹೋದದ್ದು ಅಪರೂಪ. ಆದರೆ ಕಣ್ಣು ಕಾಣದ ಎಷ್ಟೋ ಜನರ ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಬಂದ ಸಂದೇಶಗಳನ್ನು, ಪತ್ರಿಕೆಗಳನ್ನು, ಪರೀಕ್ಷೆಯ ಪಾಠಗಳನ್ನು ಓದಿ ಹೇಳುವುದು ನನ್ನ ದನಿ. ಆ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಬಹುದು. ಒಳಗೆ ಏನು ಬರೆದಿದೆ ಎಂದು ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಬಹುದು. ಈ ಸ್ವಾತಂತ್ರ್ಯ ಒಮ್ಮೆ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಕೈಬಿಡಲು ಹೊರಟವರಲ್ಲಿ ನಾನೂ ಒಬ್ಬಳಾಗಿದ್ದೆ. ಅದು ಹೇಗೆ ಉಳಿಯಿತು ಎಂಬುದನ್ನು ಬರೆದಿಡಬೇಕು ಎನ್ನಿಸಿದೆ.

ಶುರುವಾದದ್ದು ನನ್ನ ಹಳೆಯ ವಿದ್ಯಾರ್ಥಿಯಿಂದ. ಮೂರನೆಯ ಇಯತ್ತೆಯಲ್ಲಿ ನನ್ನ ಕೈಲಿ ಕಲಿತವನು, ಈಗ ಬಳ್ಳಾರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಾನೆ. ಒಂದು ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ.

"ಟೀಚರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ದನಿ ಬೇಕಾಗೇತ್ರಿ."

"ದನಿ ತಗೊಂಡು ಏನ್ ಮಾಡ್ತೀಯಪ್ಪ?"

ಅವನ ಕಾಲೇಜಿನಲ್ಲಿ ಕಣ್ಣು ಕಾಣದ ಮೂವರು ಓದುತ್ತಿದ್ದರಂತೆ. ಕಂಪ್ಯೂಟರು ಇಂಗ್ಲಿಷನ್ನು ಚೆನ್ನಾಗಿ ಓದಿ ಹೇಳುತ್ತದೆ, ಕನ್ನಡಕ್ಕೆ ಬಂದರೆ ಬಾಯಲ್ಲಿ ಅರಿವೆ ತುರುಕಿಕೊಂಡವರ ಹಾಗೆ ಮಾತಾಡುತ್ತದೆ ಎಂದು ಅವರು ದೂರಿದ್ದರು. ಎರಡು ವರ್ಷದಿಂದ ತಾನೇ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದ. ಅದಕ್ಕೊಂದು ಸ್ವಚ್ಛ ದನಿ ಬೇಕಿತ್ತು.

"ನೀವು ಪಾಠ ಓದಾಕತ್ತಿದ್ರ ಹಿಂದಿನ ಬೆಂಚಿಗೂ ಕೇಳ್ತಿತ್ರಿ. ಒಂದಕ್ಷರ ನುಂಗ್ತಿರಲಿಲ್ಲ" ಎಂದ.

ಇಂಥ ಮಾತಿಗೆ ಯಾವ ಟೀಚರು ಇಲ್ಲವೆನ್ನುತ್ತಾಳೆ? ನಮ್ಮ ಮನೆಯ ಒಳಕೋಣೆಯ ಗೋಡೆಗಳಿಗೆ ಕೌದಿ ನೇತುಹಾಕಿ, ಫ್ಯಾನು ಆರಿಸಿ, ಬೆಳಗಿನ ಆರಕ್ಕೆ ಕೂರುತ್ತಿದ್ದೆವು. ಟ್ರ್ಯಾಕ್ಟರುಗಳ ಸದ್ದು ಶುರುವಾದರೆ ನಿಲ್ಲಿಸಬೇಕು. ನಮ್ಮ ಯಜಮಾನರು ಅಂಗಳದಲ್ಲಿ ಕೂತು ಹಾಲಿನವರಿಗೆ ಬೆಲ್ಲು ಬಾರಿಸಬೇಡಿರೆಂದು ಸನ್ನೆ ಮಾಡುವರು; ತಮ್ಮ ಚಹಾವನ್ನೂ ಮುಂದೂಡುವರು. ಸಾವಿರಾರು ವಾಕ್ಯ ಓದಿದೆ. ಎಲ್ಲ ಅಕ್ಷರಗಳೂ ಬರಲೆಂದು ಅವನು ಬರೆದು ತಂದ ವಾಕ್ಯಗಳಿಗೆ ತಲೆ ಬುಡ ಇರುತ್ತಿರಲಿಲ್ಲ. 'ಹಳೆಯ ಛತ್ರಿಯೊಳಗೆ ಏಳು ಹುಣಸೆಹಣ್ಣು ಝಣಝಣ ಎಂದವು' ಎಂಬುದನ್ನು ನಗದೆ ಓದಲು ನನಗೆ ಒಂದು ವಾರ ಹಿಡಿಯಿತು.

ಅದು ಮಾತಾಡತೊಡಗಿದ ಮೇಲೆ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಹಾಗೆ ಕೇಳಿ ಬಂದವರು ಬಾದನಹಟ್ಟಿಯ ಹಿರಿಯರೊಬ್ಬರು. ಸಹಕಾರ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಸುತ್ತಲಿನವರಿಗೆಲ್ಲ 'ಸಾಹೇಬರು'. ಸಕ್ಕರೆ ಕಾಯಿಲೆಯಿಂದ ಅವರ ಹೆಂಡತಿಯ ಕಣ್ಣು ಹೋಗಿತ್ತು. ನನ್ನನ್ನೂ ಆ ಹಳೆಯ ವಿದ್ಯಾರ್ಥಿಯನ್ನೂ ಮನೆಗೆ ಕರೆದೊಯ್ದರು. ನಾನು "ಆರಾಮ ಅದೀರೇನ್ರಿ ಅಮ್ಮ" ಎಂದದ್ದೇ ತಡ, ಆಕೆ ಒಳಗೆ ತಿರುಗಿ, "ಪೇಪರ್ ಓದೋ ಆಕಿ ಬಂದಾಳ, ಚಾ ಇಡ್ರಿ" ಎಂದು ಕೂಗಿದರು. ಯಾರ ಮನೆಯಲ್ಲೂ ನನಗೆ ಅಂಥ ಸ್ವಾಗತ ಸಿಕ್ಕಿಲ್ಲ.

ಚಹಾ ಕುಡಿಯುತ್ತ ಸಾಹೇಬರು ನಮ್ಮ ಹುಡುಗನನ್ನು ಒಂದೊಂದೇ ಕೇಳಿದರು. ಅವನಿಗಾಗಲೇ ನಲವತ್ತು ದಾಟಿದ್ದರೂ ನನಗೆ ಹುಡುಗನೇ. ಸಾಫ್ಟ್‌ವೇರ್ ಯಾರ ಹೆಸರಲ್ಲಿದೆ? ಅವನ ಹೆಸರಲ್ಲಿ. ನನ್ನ ದನಿಯ ಮೂಲ ಎಲ್ಲಿದೆ? ಅವನ ಕಂಪ್ಯೂಟರಿನಲ್ಲಿ. ಪಾಸ್‌ವರ್ಡ್ ಯಾರಿಗೆ ಗೊತ್ತು? ಅವನಿಗೆ.

"ನಾಳೆ ನಿನಗ ಏನಾರ ಆದ್ರ ಇವರೆಲ್ಲ ಮೂಕರಾಗಬೇಕೇನು?" ಎಂದರು ಸಾಹೇಬರು. "ಸಂಘ ಮಾಡ್ರಿ. ರಿಜಿಸ್ಟರ್ ಮಾಡಿಸ್ರಿ. ಎಲ್ಲಾ ಸಂಘದ ಹೆಸರಿಗೆ ಬರ್ಲಿ."

ಬೈಲಾ ಬರೆಯುವುದಕ್ಕೇ ನಾಲ್ಕು ತಿಂಗಳು ಹೋಯಿತು. ಬಳ್ಳಾರಿಯಲ್ಲಿ ಅವನ ಮನೆಯ ಮಾಳಿಗೆಯ ಮೇಲೆ ಪ್ರತಿ ಭಾನುವಾರ ಕೂರುತ್ತಿದ್ದೆವು. ಒಗ್ಗರಣಿ ಮಿರ್ಚಿ ಬರುತ್ತಿತ್ತು, ತಿನ್ನುತ್ತಿದ್ದೆವು, ಒಂದು ಸಾಲಿನ ಮೇಲೆ ಒಂದು ತಾಸು ವಾದ ಮಾಡುತ್ತಿದ್ದೆವು. ನನಗೆ ಬೇಸರವೆಂದರೆ ಬೇಸರ. ಸಾಫ್ಟ್‌ವೇರೂ ದನಿಯೂ ಯಾವತ್ತೂ ಎಲ್ಲರಿಗೂ ಮುಕ್ತವಾಗಿರಬೇಕು ಎಂಬುದು ಸಂಘದ ಉದ್ದೇಶ; ಸರಿ, ಅದು ಒಂದು ಸಾಲು. ಆದರೆ ಸಾಹೇಬರು ಆ ಒಂದು ಸಾಲಿನ ಸುತ್ತ ಬೇಲಿ ಕಟ್ಟುತ್ತಲೇ ಹೋದರು. ಆಡಳಿತ ಮಂಡಳಿ ಅದನ್ನು ಬದಲಿಸುವಂತಿಲ್ಲ, ಸರ್ವಸದಸ್ಯರ ಸಭೆಗೆ ತರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಕಣ್ಣು ಕಾಣದೆ ಇದನ್ನು ಬಳಸುವವರೇ ಇರಬೇಕು, ಉದ್ದೇಶದ ಮಾತು ಬಂದಾಗ ಅವರ ಮತವನ್ನು ಬೇರೆಯಾಗಿ ಎಣಿಸಬೇಕು, ಅವರು ಬೇಡವೆಂದರೆ ಮುಗಿಯಿತು. ಯಾರೂ ಎರಡು ಅವಧಿಗಿಂತ ಹೆಚ್ಚು ಮಂಡಳಿಯಲ್ಲಿ ಕೂರಬಾರದು. ಮತ್ತು ಯಾವುದೇ ವಿಷಯದಿಂದ ಯಾರಿಗಾದರೂ ಸ್ವಂತ ಲಾಭವಿದ್ದರೆ, ಅವರು ಮೊದಲೇ ಹೇಳಬೇಕು, ತಮ್ಮ ಮಾತು ಮುಗಿಸಿ ಎದ್ದು ಹೊರಗೆ ಹೋಗಬೇಕು.

ಈ ಕೊನೆಯದಕ್ಕೆ ನನಗೆ ಸಿಟ್ಟು ಬಂತು. "ಸಾಹೇಬ್ರ, ನಾವೇನು ಕಳ್ಳರೇನ್ರಿ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಳ್ಳರಿಗೆ ಯಾರೂ ನಿಯಮ ಬರಿಯೋದಿಲ್ಲ ತಂಗಿ. ಅವರು ಓದೋದಿಲ್ಲ. ಒಳ್ಳೇರು ಓದ್ತಾರ, ಅವರಿಗೇ ಬರಿಯೋದು. ನನ್ನ ಸರ್ವೀಸಿನಾಗ ಸಂಘಗಳು ಕೆಟ್ಟವರಿಂದ ಮುಳುಗಿದ್ದು ಕಡಿಮಿ. ಒಳ್ಳೇರು ದಣದು, ಒಬ್ಬರಿಗೊಬ್ಬರು ಹೇಳದ ಮಾಡಿದ್ದರಿಂದ ಮುಳುಗಿದ್ದು ಭಾಳ."

ನಾನು ವಾದ ಅಲ್ಲಿಗೇ ಬಿಟ್ಟೆ. ಒಪ್ಪಿ ಬಿಟ್ಟದ್ದಲ್ಲ, ಹೊತ್ತಾಯಿತೆಂದು ಬಿಟ್ಟದ್ದು.

ಕೆಲವು ವರ್ಷ ಚೆನ್ನಾಗಿ ನಡೆಯಿತು. ಸಾಹೇಬರು ಎರಡು ಅವಧಿ ಅಧ್ಯಕ್ಷರಾಗಿದ್ದು, ತಾವು ಬರೆದ ನಿಯಮದಂತೆಯೇ ಇಳಿದರು. ಅವರ ಜಾಗಕ್ಕೆ ಬಂದವಳು ಸಿರುಗುಪ್ಪದ ಒಬ್ಬ ಹೆಣ್ಣುಮಗಳು. ಹುಟ್ಟಿನಿಂದ ಕಣ್ಣು ಕಾಣದು. ಅಲ್ಲಿನ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಫೋನು ನೋಡಿಕೊಳ್ಳುತ್ತಾಳೆ. ಮಾತು ಕಡಿಮೆ, ಆಡಿದರೆ ತೂಕದ ಮಾತು.

ಅಷ್ಟರಲ್ಲಿ ನಮ್ಮ ಹುಡುಗ ದಣಿದಿದ್ದ. ಮೊಬೈಲುಗಳು ಹೊಸದಾದಾಗಲೆಲ್ಲ ನಮ್ಮ ಸಾಫ್ಟ್‌ವೇರ್ ಎಲ್ಲೋ ಮುರಿದುಕೊಳ್ಳುತ್ತಿತ್ತು. ಕಾಲೇಜು ಮುಗಿಸಿ ಬಂದು ಅದನ್ನು ರಿಪೇರಿ ಮಾಡಲು ಕೂರುತ್ತಿದ್ದ. ಉಣ್ಣುವಾಗಲೂ ಫೋನು. ಒಂದು ದಿನ ಒಂದು ಪತ್ರ ಹಿಡಿದು ನನ್ನಲ್ಲಿಗೆ ಬಂದ. ಕಣ್ಣು ಒಳಗೆ ಇಳಿದಿದ್ದವು.

"ನನ್ನ ಕೈಲಿ ಆಗವಲ್ದು ಟೀಚರ್."

ಪತ್ರ ಹೊರರಾಜ್ಯದ ಒಂದು ಕಂಪನಿಯದು. ಸಾಫ್ಟ್‌ವೇರನ್ನೂ ದನಿಯನ್ನೂ ತಮಗೆ ಕೊಟ್ಟರೆ, ತಮ್ಮ ಇಂಜಿನಿಯರುಗಳನ್ನು ಹಚ್ಚಿ ಎಲ್ಲ ದೋಷ ಸರಿಪಡಿಸುತ್ತೇವೆ, ಸದ್ಯಕ್ಕೆ ಬಳಕೆದಾರರಿಗೆ ಪುಕ್ಕಟೆಯಾಗಿಯೇ ಕೊಡುತ್ತೇವೆ ಎಂದಿತ್ತು. ಆದರೆ ಮುಂದೆ ಅದು ಅವರೊಬ್ಬರದೇ ಆಗಬೇಕು; ಒಳಗಿನ ಬರಹವನ್ನು ಬೇರೆ ಯಾರೂ ನೋಡುವಂತಿಲ್ಲ, ತಿದ್ದುವಂತಿಲ್ಲ. ನಾನು ಅವನ ಮುಖ ನೋಡಿದೆ. "ಕೊಟ್ಟುಬಿಡೋಣಪ್ಪ. ನೀ ಉಳಿದ್ರ ಸಾಕು" ಎಂದೆ. ಅದು ನಿಜವಾದ ಮಾತು.

ನಿಜವಲ್ಲದ್ದು ಆಮೇಲೆ ಸೇರಿಕೊಂಡಿತು. ವಾರದ ನಂತರ ಅದೇ ಕಂಪನಿಯ ಹೆಣ್ಣುಮಗಳೊಬ್ಬಳು ನನಗೆ ಫೋನು ಮಾಡಿದಳು. ಒಪ್ಪಂದವಾದರೆ ಹೈದರಾಬಾದಿನ ಸ್ಟುಡಿಯೋದಲ್ಲಿ ಹೊಸದಾಗಿ ದನಿ ಮುದ್ರಿಸುತ್ತಾರಂತೆ, ಕಾರು ಕಳಿಸುತ್ತಾರಂತೆ, ಸಂಭಾವನೆಯೂ ಉಂಟಂತೆ. "ಮೇಡಂ, ನಿಮ್ಮ ಹೆಸರನ್ನು ಹಾಕ್ತೀವಿ" ಎಂದಳು. ಜೀವಮಾನವಿಡೀ ಊರು ನನ್ನನ್ನು ಟೀಚರ್ ಎಂದಷ್ಟೇ ಕರೆದಿದೆ. ದನಿ ಅಷ್ಟು ದೂರ ಹೋದರೂ ಅದರ ಹಿಂದೆ ಯಾರಿದ್ದಾರೆ ಎಂದು ಯಾರೂ ಕೇಳಿರಲಿಲ್ಲ. ಹೆಸರು ಎಂಬ ಮಾತು ನನ್ನೊಳಗೆ ಎಲ್ಲೋ ತಣ್ಣಗೆ ಇಳಿಯಿತು. ಹೂಂ ಎಂದೆ. ಯಜಮಾನರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಇದು ಬೇರೆ ವಿಷಯ, ಅದು ಬೇರೆ ವಿಷಯ ಎಂದು ನನಗೆ ನಾನೇ ಹೇಳಿಕೊಂಡೆ.

ಉದ್ದೇಶವನ್ನೇ ಬದಲಿಸಬೇಕಾದ ಸಂಗತಿಯಾದ್ದರಿಂದ ಸರ್ವಸದಸ್ಯರ ಸಭೆ ಕರೆಯಲೇಬೇಕಾಯಿತು. ಸಿರುಗುಪ್ಪದಲ್ಲಿ ಒಂದು ಶಾಲೆಯ ಕೋಣೆ ಸಿಕ್ಕಿತು. ಭಾನುವಾರ ಬೆಳಿಗ್ಗೆ ಕುರುಗೋಡಿನಿಂದ ಬಸ್ಸು ಹಿಡಿದು ಹೋದೆ. ಸಿರಿಗೇರಿಯಿಂದ, ಕುಡತಿನಿಯಿಂದ, ಬಳ್ಳಾರಿಯಿಂದ ಜನ ಬಂದಿದ್ದರು. ಹಲವರು ಕೈಯಲ್ಲಿ ಕೋಲು ಹಿಡಿದು, ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಒಳಗೆ ಬಂದರು. ಸಾಹೇಬರು ಹಿಂದಿನ ಸಾಲಿನಲ್ಲಿ ಸಾಮಾನ್ಯ ಸದಸ್ಯರಾಗಿ ಕೂತಿದ್ದರು.

ಅಧ್ಯಕ್ಷೆ ಎದ್ದು ನಿಂತಳು. ಬೈಲಾದ ಬ್ರೈಲ್ ಪ್ರತಿ ಅವಳ ಬೆರಳ ಕೆಳಗಿತ್ತು.

"ವಿಷಯಕ್ಕ ಹೋಗಾಕ ಮೊದಲು ಒಂದು ಕೇಳಬೇಕು. ಈ ಒಪ್ಪಂದದಿಂದ ಇಲ್ಲಿದ್ದವರಿಗೆ ಯಾರಿಗಾದ್ರೂ ಸ್ವಂತ ಲಾಭ ಐತೇನ್ರಿ?"

 ಹೊರಗೆ ಭತ್ತದ ಲಾರಿಯೊಂದು ಹಾದುಹೋಯಿತು. ಅವಳು ಸದ್ದು ಅಡಗುವವರೆಗೂ ಕಾದಳು.

"ಸುಮ್ನಿದ್ರ ಇಲ್ಲ ಅಂತ ನಡಾವಳಿಯಾಗ ಬರಕೋತೀವ್ರಿ. ಬರಕೊಳ್ಳೇನು?"

ಬರೆಯುವುದು ಎಂದಾಗ ನನಗೆ ಭಯವಾಯಿತು. ಮಕ್ಕಳಿಗೆ ಇಷ್ಟು ವರ್ಷ ಅಕ್ಷರ ತಿದ್ದಿಸಿದವಳು ಒಂದು ಪುಸ್ತಕದಲ್ಲಿ ಸುಳ್ಳಾಗಿ ಉಳಿಯಬೇಕೇ? ನಾನು ಏಳುವ ಮೊದಲೇ ನನ್ನ ಪಕ್ಕದ ಕುರ್ಚಿ ಕಿರುಗುಟ್ಟಿತು. ನಮ್ಮ ಹುಡುಗ ಎದ್ದಿದ್ದ.

"ನನಗ ಕೆಲಸ ಕೊಡ್ತೀವಿ ಅಂದಾರ್ರಿ" ಎಂದ. ದನಿ ಒಣಗಿತ್ತು.

ನಾನು ಅವನನ್ನೇ ನೋಡಿದೆ. ನನಗೆ ಅವನು ಇದನ್ನು ಹೇಳಿರಲಿಲ್ಲ. ಆಮೇಲೆ ನಾನೂ ಎದ್ದೆ.  ಸ್ಟುಡಿಯೋ, ಕಾರು, ಸಂಭಾವನೆ, ಹೆಸರು, ಎಲ್ಲ ಹೇಳಿದೆ. ಯಾರೂ ಛೀ ಎನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಸಾಹೇಬರು ತಲೆ ತಗ್ಗಿಸಿಕೊಂಡಿದ್ದರು. ತಾವು ನನ್ನ ಮುಖ ನೋಡಿದರೆ ನನಗೆ ಇನ್ನಷ್ಟು ಕಷ್ಟವಾದೀತು ಎಂದು.

"ಬರಕೊಂಡ್ವಿ ಟೀಚರ್. ಭಾಳ ಚಲೋ ಆತು ಹೇಳಿದ್ದು" ಎಂದಳು ಅಧ್ಯಕ್ಷೆ. ಕಂಪನಿಯ ಪತ್ರದಲ್ಲಿ ಏನಿದೆ, ಅದರಿಂದ ಆಗುವ ಒಳಿತೇನು ಎಂದು ಅವನಿಂದ ವಿವರವಾಗಿ ಹೇಳಿಸಿದಳು. ಅವನು ಪ್ರಾಮಾಣಿಕವಾಗಿ ಹೇಳಿದ. ಕಳೆದುಕೊಳ್ಳುವುದೇನು ಎಂಬುದನ್ನೂ ಬಿಡಲಿಲ್ಲ. ನನ್ನನ್ನೂ ಕೇಳಿದಳು. ಅವನ ದಣಿವಿನ ಬಗ್ಗೆ ಮಾತ್ರ ಹೇಳಿದೆ. ಆಮೇಲೆ ಅವಳು, "ಇನ್ನ ಇಬ್ರೂ ಹೊರಗ ಕುಂದರ್ರಿ. ನೀರಿನ ಕೊಡ ಪಡಸಾಲ್ಯಾಗ ಐತಿ" ಎಂದಳು.

ಹೀಗೆ, ಆ ಸಾಫ್ಟ್‌ವೇರನ್ನು ಬರೆದವನೂ ಅದಕ್ಕೆ ದನಿ ಕೊಟ್ಟವಳೂ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತೆವು. ಗಿರಣಿಗಳ ಕಡೆಯಿಂದ ಹೊಟ್ಟಿನ ಧೂಳಿನ ವಾಸನೆ ಬಿಸಿಗಾಳಿಯಲ್ಲಿ ಬರುತ್ತಿತ್ತು.

"ನೀವು ನನಗ ಹೇಳ್ಲಿಲ್ಲ ಟೀಚರ್."

"ನೀನೂ ಹೇಳ್ಲಿಲ್ಲಲ್ಲೋ."

ಅವನು ನಕ್ಕ. ಎಷ್ಟೋ ತಿಂಗಳ ನಂತರ ಅವನು ನಕ್ಕದ್ದು ಕಂಡೆ. ಕೆಲಸದ ಆಸೆಗೆ ಮಾರುತ್ತಿದ್ದೇನೆ ಎಂದು ನಾನು ತಿಳಿದುಬಿಟ್ಟರೆ ಎಂದು ಹೆದರಿದ್ದನಂತೆ. ನನ್ನ ಹೆದರಿಕೆಯೂ ಅದೇ ಆಗಿತ್ತು. ಮೂರು ವರ್ಷದಿಂದ ಒಂದು ಭಾನುವಾರವೂ ತನ್ನದೆಂದು ಇರಲಿಲ್ಲ ಎಂದ. ಹೇಳುತ್ತ ಹೇಳುತ್ತಲೇ ಗೋಡೆಗೆ ಒರಗಿ ನಿದ್ದೆ ಹೋದ. ಕಿವಿಯ ಮೇಲೆ ಬಿಳಿಗೂದಲು ಬಂದಿದ್ದವು. ಸಾಹೇಬರ ಬೇಲಿ ಸಾಫ್ಟ್‌ವೇರನ್ನು ಎಲ್ಲರಿಂದಲೂ ಕಾಯುತ್ತಿತ್ತು, ನಮ್ಮಿಂದಲೂ. ಇವನನ್ನು ಕಾಯುವ ಒಂದು ಸಾಲನ್ನು ಮಾತ್ರ ನಾವು ಯಾರೂ ಬರೆದಿರಲಿಲ್ಲ ಎಂದು ಆಗ ನನಗೆ ಹೊಳೆಯಿತು.

ಒಳಗೆ ವಾದ ಜೋರಾಗಿತ್ತು, ಮಾತು ಬಿಡಿಬಿಡಿಯಾಗಿ ಕೇಳುತ್ತಿರಲಿಲ್ಲ. ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಗ ನನ್ನ ದನಿ ಕೇಳಿತು, ಯಾರದೋ ಮೊಬೈಲಿನಿಂದ. ಆದರೆ ಅದು ತೆಲುಗು ಓದುತ್ತಿತ್ತು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವಳಿಗೆ ತೆಲುಗು ತಿಳಿಯದೆ ಇರುತ್ತದೆಯೇ. ಆದರೆ ಒಂದು ವಾಕ್ಯವನ್ನೂ ನಾನು ತೆಲುಗಿನಲ್ಲಿ ಓದಿಕೊಟ್ಟಿರಲಿಲ್ಲ.  ಒಳಗೆ ಎಲ್ಲರೂ ನಕ್ಕರು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಧ್ಯಕ್ಷೆ ಗೋಡೆ ಮುಟ್ಟಿಕೊಂಡು ಬಂದು ನನ್ನ ಪಕ್ಕ ಕೂತಳು.

"ಕಣ್ಣಿದ್ದವರು ಅರ್ಧ ಹಂಗ, ಅರ್ಧ ಹಿಂಗ. ನಮ್ಮವರು ಹೆಚ್ಚುಕಡಿಮಿ ಎಲ್ಲಾರೂ ಬ್ಯಾಡ ಅಂದ್ರು. ಉದ್ದೇಶ ಇದ್ದಂಗ ಇರತೈತ್ರಿ."

"ತೆಲುಗು ಓದಿದ್ದು ಯಾರವ್ವ?" ಎಂದೆ. ನನಗೆ ಮೊದಲು ಬೇಕಿದ್ದದ್ದು ಅದು.

"ನೀವ ಓದಿದ್ರಿ" ಎಂದು ನಕ್ಕಳು. "ಆದೋನಿ ಕಡೆ ವ್ಯಾಪಾರಸ್ಥರು ನಮ್ಮ ಮಿಲ್ಲಿಗೆ ದರ ತೆಲುಗಿನಾಗ ಕಳಿಸ್ತಾರ್ರಿ. ಅದು ಬಂದಾಗ ನಿಮ್ಮ ದನಿ ಬಾಯಿ ಮುಚ್ಚಿಕೊಂಡು ಕುಂದರತಿತ್ತು. ಪ್ರತಿ ಸಲ ಯಾರನ್ನಾರ ಕರದು ಓದಿಸಬೇಕಿತ್ತು. ಕಂಪ್ಯೂಟರಿನಾಗ ಕನ್ನಡದ ಅಕ್ಷರ, ತೆಲುಗಿನ ಅಕ್ಷರ ಒಂದ ಸಾಲಿನಾಗ ಜೋಡಿಸ್ಯಾರಂತ, ಕ ಇದ್ದಲ್ಲಿ ಕ, ಖ ಇದ್ದಲ್ಲಿ ಖ. ಹಂಗಂತ ಕೇಳಿದ್ದೆ, ಕೋಡ್ ಬರಿಯೋದೂ ಒಂದಿಷ್ಟು ಕಲತಿದ್ದೆ. ನಮ್ಮ ಸಾಫ್ಟ್‌ವೇರ್ ಬಿಚ್ಚಿ ನೋಡಿದೆ. ಅದನ್ನ ಇದಕ್ಕ ಹೊಂದಿಸಿ ಒಂದು ತುಣುಕು ಬರದೆ. ಎರಡು ತಿಂಗಳು ಹಿಡೀತು."

ಅವನು ಎಚ್ಚರಾಗಿದ್ದ. "ಇದನ್ನ ನೀ ಮಾಡಿದಿ ಏನು?" ಎಂದ.

"ಹೌದ್ರಿ. ಇದನ್ನ ಇವತ್ತು ಒಳಗ ಕೇಳಿಸಿದೆ. ಕಂಪನೀರ ಕೈಯಾಗ ಇದ್ರ ಅರ್ಜಿ ಹಾಕಿ ಕುಂದರಬೇಕಿತ್ತು. ಅವರು ಕೆಟ್ಟವರಂತಲ್ರಿ. ಅವರಿಗೆ ಸಿರುಗುಪ್ಪದ ಮಿಲ್ಲಿನ ಫೋನು ಯಾಕ ನೆನಪಾಗಬೇಕು?"

"ಮತ್ತ ನನಗ್ಯಾಕ ಕಳಿಸ್ಲಿಲ್ಲವ್ವ ಇದನ್ನ?"

 "ನೀವು ದಣದೀರಂತ ಎಲ್ಲಾರಿಗೂ ಗೊತ್ತಿತ್ತಲ್ರಿ ಸರ್. ಇನ್ನೊಂದು ಹೊರಿ ಯಾಕಂತ ಸುಮ್ನಾದೆ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನಿಗೆ ಕೈಜೋಡಿಸಬಲ್ಲವಳು ಇಲ್ಲೇ ಇದ್ದಳು. ಅವನ ಮೇಲಿನ ಕರುಣೆಯಿಂದಲೇ ಅವಳು ಕೈ ಹಿಂತೆಗೆದಿದ್ದಳು. ನಾವು ಮೂವರೂ ಒಬ್ಬರಿಗೊಬ್ಬರು ಹೇಳದೆ ಇದ್ದದ್ದು ಒಳ್ಳೆಯತನದಿಂದಲೇ, ನನ್ನದರಲ್ಲಿ ಸ್ವಲ್ಪ ಆಸೆ ಬೆರೆತಿತ್ತು ಅಷ್ಟೆ.

ಊಟದ ನಂತರ ಸಭೆ ಮತ್ತೆ ಸೇರಿತು. ಈಗ ಸಾಹೇಬರು ಎದ್ದರು. "ಬ್ಯಾಡ ಅನ್ನೋದು ಸಸಾರ. ಅಂದವರು ಈಗ ಹೆಗಲು ಕೊಡ್ರಿ" ಎಂದರು. ಅವತ್ತೇ ಇನ್ನೊಂದು ಠರಾವಾಯಿತು. ಪಾಸ್‌ವರ್ಡುಗಳು ಮೂವರ ಬಳಿ ಇರಬೇಕು. ರಿಪೇರಿ ಕೆಲಸ ಕಲಿಯಲು ಇಬ್ಬರು ಮುಂದೆ ಬಂದರು, ಅದರಲ್ಲಿ ಒಬ್ಬಳು ಅಧ್ಯಕ್ಷೆಯೇ. ಮತ್ತು ನಮ್ಮ ಹುಡುಗನಿಗೆ ಆರು ತಿಂಗಳು ರಜೆ. ಅವನಿಗೆ ಯಾರೂ ಫೋನು ಮಾಡಬಾರದು. ಅದನ್ನೂ ನಡಾವಳಿಯಲ್ಲಿ ಬರೆದರು. ಬರೆದದ್ದನ್ನು ಓದಿ ಹೇಳುವಾಗ ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ.

ಎಲ್ಲ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಅವನಿಗೆ ಒಳಗೊಳಗೇ ನೋವಿತ್ತು. ಒಂದೆರಡು ತಿಂಗಳು ನನ್ನೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಹೊಸ ಮೊಬೈಲುಗಳಲ್ಲಿ ನಮ್ಮ ಸಾಫ್ಟ್‌ವೇರ್ ಆ ಬೇಸಿಗೆಯೆಲ್ಲ ಮಾತಾಡಲಿಲ್ಲ. ಕುಡತಿನಿಯಿಂದ ಒಬ್ಬರು ನನಗೇ ಫೋನು ಮಾಡಿ, "ನಿಮ್ಮ ಸ್ವಾತಂತ್ರ್ಯ ಇಟಗೊಂಡು ನಾ ಏನ್ ಮಾಡ್ಲಿ, ಫೋನು ಓದವಲ್ದು" ಎಂದು ಬೈದರು. ಅವರ ಬೈಗುಳದಲ್ಲಿ ನ್ಯಾಯವಿತ್ತು. ಸಿರುಗುಪ್ಪದ ಹೆಣ್ಣುಮಗಳು ತಪ್ಪುತ್ತ, ಮತ್ತೆ ಮಾಡುತ್ತ, ಮಳೆಗಾಲದ ಹೊತ್ತಿಗೆ ಅದನ್ನು ಸರಿಪಡಿಸಿದಳು. ಆ ಸುದ್ದಿ ತಿಳಿದು ನಮ್ಮ ಹುಡುಗ ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದ. ನಿಯಮ ಮುರಿದ ಎಂದು ಅವನನ್ನು ಯಾರೂ ಬೈಯಲಿಲ್ಲ. ಈಗ ಅವನು ವಾರಕ್ಕೆ ಒಂದು ದಿನ ಮಾತ್ರ ಈ ಕೆಲಸಕ್ಕೆ ಕೂರುತ್ತಾನೆ, ಭಾನುವಾರ ಬಿಟ್ಟು.

ಆ ಕಂಪನಿ ಆಮೇಲೆ ತನ್ನದೇ ಕನ್ನಡ ದನಿ ಮಾಡಿಕೊಂಡಿತು. ಚೆನ್ನಾಗಿಯೇ ಇದೆ. ಸುದ್ದಿ ಓದುವುದರಲ್ಲಿ ನನಗಿಂತ ಮೇಲು. ನಮ್ಮ ಸದಸ್ಯರಲ್ಲೂ ಕೆಲವರು ಅದನ್ನು ಬಳಸುತ್ತಾರೆ. ನಮಗೂ ಅವರಿಗೂ ಜಗಳವಿಲ್ಲ. ನಮ್ಮದು ಇದ್ದಲ್ಲೇ ಇದೆ, ಬಿಚ್ಚಿದ ಪುಸ್ತಕದ ಹಾಗೆ.

ನನ್ನ ಕೃತಜ್ಞತೆ ಯಾರಿಗೆ ಎಂದು ಕೇಳಿದರೆ ಮೊದಲು ಆ ಸಾಲಿಗೆ ಎನ್ನುತ್ತೇನೆ. ನಾನು ಸಿಟ್ಟಾಗಿದ್ದ ಸಾಲು. ಅವತ್ತು ಅದು ನನ್ನನ್ನು ಕಳ್ಳಿಯೆಂದು ಹೊರಗೆ ಹಾಕಲಿಲ್ಲ. ಒಳಗೆ ಕೂತು ಒಪ್ಪಂದದ ಪರವಾಗಿ ಕೈಯೆತ್ತಿದ್ದರೆ, ಅದು ಕರುಣೆಯ ಕೈಯೋ ಆಸೆಯ ಕೈಯೋ ಎಂದು ಉಳಿದ ಆಯುಷ್ಯವೆಲ್ಲ ನಾನೇ ಕೇಳಿಕೊಳ್ಳಬೇಕಾಗುತ್ತಿತ್ತು. ಆ ಪ್ರಶ್ನೆಯ ಭಾರವನ್ನು ಅದು ನನ್ನ ಮೇಲಿಂದ ಇಳಿಸಿತು. ಆಮೇಲೆ ಸಾಹೇಬರಿಗೆ. ಬಳ್ಳಾರಿಯಲ್ಲಿ ಒಮ್ಮೆ ಸಿಕ್ಕಾಗ ಹಾಗೆಂದೆ. "ನನಗ್ಯಾಕ, ಓದಿ ನಡಸಿದಾಕಿಗೆ ಹೇಳ್ರಿ" ಎಂದು ಅಂಜೂರದ ಚೀಲ ನನ್ನ ಕೈಗಿಟ್ಟು ಬಸ್ಸು ಹತ್ತಿದರು.

ನನಗೆ ಈಗ ವಯಸ್ಸಾಗಿದೆ. ಸಂಘ ಎರಡನೆಯ ದನಿಯೊಂದನ್ನು ಮುದ್ರಿಸಬೇಕೆಂದಿದೆ. ಸಿರಿಗೇರಿಯ ಒಬ್ಬಳನ್ನು ಆರಿಸಿದ್ದಾರೆ. ಹೊಲದ ಕೆಲಸದ ಮನೆತನದವಳು, ತುಂಬು ದನಿ. ಉಸಿರು ಹಿಡಿಯುವುದನ್ನು ಕಲಿಯಲು ನನ್ನಲ್ಲಿಗೆ ಬರುತ್ತಾಳೆ. ಬರೆದ ಕನ್ನಡವನ್ನಷ್ಟೇ ಅಲ್ಲ, ಮನೆಯಲ್ಲಿ ಆಡುವ ಮಾತನ್ನೂ ಅವಳು ಓದಿಕೊಡಬೇಕೆಂದು ಬಳಕೆದಾರರು ಕೇಳಿದ್ದಾರೆ. ಮೊನ್ನೆ ಅವಳು ಓದಿದಳು: "ಅವ್ವ ಮನಿಯಾಗ ಇಲ್ಲ, ಸಾಲಿ ಕಡೆ ಹೋಗ್ಯಾಳ. ಬುತ್ತಿ ಇಲ್ಲೇ ಐತಿ." ಮನೆ, ಶಾಲೆ ಎಂದು ತಿದ್ದಲು ನನ್ನ ಬಾಯಿ ತೆರೆಯಿತು. ತಡೆದುಕೊಂಡು, "ಮುಂದಿಂದು ಓದವ್ವ" ಎಂದೆ.